ಸಮರದ ಸುದ್ದಿ ಮತ್ತು ಸಮರದ ಲೆಕ್ಕ: ಬೆಳಗಾವಿ–ಖಾನಾಪುರ ಪರಿಸರದಲ್ಲಿ ಮಾಧ್ಯಮ, ತಲೆಮಾರು ಮತ್ತು ಯುದ್ಧಸಮ್ಮತಿ

ಯುದ್ಧವೊಂದಕ್ಕೆ ಜನತೆ ನೀಡುವ ಸಮ್ಮತಿಯು ರಣರಂಗದಲ್ಲಿ ನಡೆದುದಕ್ಕಿಂತ ಹೆಚ್ಚಾಗಿ, ನಡೆದುದರ ಬಗೆಗೆ ಅವರನ್ನು ತಲುಪಿದ ಸುದ್ದಿಯನ್ನು ಅವಲಂಬಿಸಿರುತ್ತದೆ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರ ತನ್ನ 'ಪಬ್ಲಿಕ್ ಒಪೀನಿಯನ್' ಗ್ರಂಥವನ್ನು ದ್ವೀಪವೊಂದರ ದೃಷ್ಟಾಂತದಿಂದ ಆರಂಭಿಸುತ್ತಾನೆ. 1914ರಲ್ಲಿ ಆ ದ್ವೀಪದಲ್ಲಿ ಇಂಗ್ಲಿಷರು, ಫ್ರೆಂಚರು, ಜರ್ಮನರು ಒಟ್ಟಿಗಿದ್ದರು. ಅಂಚೆಯ ಹಡಗು ಬರುವುದು ಎರಡು ತಿಂಗಳಿಗೊಮ್ಮೆ. ಅವರ ದೇಶಗಳು ಪರಸ್ಪರ ಯುದ್ಧಕ್ಕಿಳಿದು ಆರು ವಾರಗಳು ಕಳೆದಿದ್ದರೂ, ಸುದ್ದಿ ಬಾರದ ಕಾರಣ ಅವರು ಗೆಳೆಯರಾಗಿಯೇ ಉಳಿದಿದ್ದರು. ಬೆಳಗಾವಿಯು ಈ ದ್ವೀಪಕ್ಕೆ ತೀರ ವಿರುದ್ಧವಾದ ನೆಲೆ. ಮರಾಠಾ ಲಘು ಪದಾತಿ ದಳದ ಕೇಂದ್ರ, ಸಾಂಬ್ರಾದ ವಾಯುಪಡೆ ನೆಲೆ, ಸೈನಿಕ ಶಾಲೆ ಇವೆಲ್ಲ ನಗರದ ಸುತ್ತಲೇ ಇವೆ; ಕನ್ನಡ, ಮರಾಠಿ ಎರಡೂ ಭಾಷೆಗಳ ಪತ್ರಿಕೆಗಳನ್ನು ಓದುವ ಜನ ಇಲ್ಲಿದ್ದಾರೆ. ಇಲ್ಲಿಂದ ನೈಋತ್ಯಕ್ಕೆ ಸಾಗುವ ರಸ್ತೆ ಖಾನಾಪುರ, ಲೋಂಡಾ ದಾಟಿ ಅನಮೋಡ ಘಟ್ಟವಿಳಿದು ಗೋವೆಗೆ ಹೋಗುತ್ತದೆ. ಯುದ್ಧವೂ ಯುದ್ಧದ ಸುದ್ದಿಯೂ ಒಂದೇ ದಾರಿಯಲ್ಲಿ ಸಾಗಿದ ಇಂಥ ಪ್ರದೇಶಗಳು ಕರ್ನಾಟಕದಲ್ಲಿ ವಿರಳ.

ಹಿರಿಯರು ಯುದ್ಧವನ್ನು ಕಂಡವರಾದ್ದರಿಂದ ಶಾಂತಿಯ ಪರ, ಕಿರಿಯರು ಕಾಣದವರಾದ್ದರಿಂದ ಯುದ್ಧದ ಪರ ಎಂಬ ಮಾತು ನಮ್ಮಲ್ಲಿ ವಾಡಿಕೆಯಲ್ಲಿದೆ. ಇದಕ್ಕೆ ತದ್ವಿರುದ್ಧವಾದ ಮಾತೂ ಅಷ್ಟೇ ವಾಡಿಕೆಯಲ್ಲಿದೆ. ಜಾನ್ ಮ್ಯುಲ್ಲರ್ 1973ರ ತನ್ನ ಅಧ್ಯಯನದಲ್ಲಿ, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳಿಗೆ ಅಮೆರಿಕದ ಹಿರಿಯರಿಗಿಂತ ಕಿರಿಯರೇ ಹೆಚ್ಚು ಬೆಂಬಲ ನೀಡಿದ್ದನ್ನು ಅಂಕಿಅಂಶಗಳಿಂದ ತೋರಿಸಿದ. ವಿಶ್ವವಿದ್ಯಾಲಯಗಳ ಪ್ರತಿಭಟನೆಯ ಚಿತ್ರಗಳನ್ನಷ್ಟೇ ಕಂಡವರಿಗೆ ಇದು ಅನಿರೀಕ್ಷಿತವಾಗಿತ್ತು. ಆದರೆ ವಯಸ್ಸು ಕಾರಣವನ್ನು ಹೇಳುವುದಿಲ್ಲ. ಹರೆಯದಲ್ಲಿ ಒದಗಿದ ಸಮಾನ ಅನುಭವವೇ ತಲೆಮಾರನ್ನು ರೂಪಿಸುತ್ತದೆ ಎಂದು ಕಾರ್ಲ್ ಮ್ಯಾನ್‌ಹೈಮ್ 1928ರಲ್ಲಿ ಪ್ರತಿಪಾದಿಸಿದ. ಬೆಳಗಾವಿ ಸೀಮೆಯ ಮಟ್ಟಿಗೆ ಈ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಇಲ್ಲಿನ ಒಂದೊಂದು ತಲೆಮಾರೂ ತನ್ನ ಮೊದಲ ಯುದ್ಧವನ್ನು ಒಂದೊಂದು ಮಾಧ್ಯಮದ ಮೂಲಕ ಪಡೆದಿದೆ. ಯುದ್ಧದ ಲೆಕ್ಕದಲ್ಲಿ ಯಾವುದನ್ನು ದಾಖಲಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಯಾ ಮಾಧ್ಯಮವೇ ತೀರ್ಮಾನಿಸಿದೆ.

ಪತ್ರಿಕೆಗೆ ಮುನ್ನ ಈ ನೆಲದಲ್ಲಿ ಯುದ್ಧವಾರ್ತೆಯನ್ನು ಹೊತ್ತದ್ದು ಕಲ್ಲು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುವುದು ಸರ್ವವಿದಿತ. ಶಿಲ್ಪದ ಈ ಊರ್ಧ್ವಗತಿಯನ್ನು ಮೆಚ್ಚುವ ಭರದಲ್ಲಿ ಕಲ್ಲಿನ ಬರಹವನ್ನು ಮರೆಯುವುದುಂಟು. ಶಾಸನಸಹಿತವಾದ ಅನೇಕ ವೀರಗಲ್ಲುಗಳು ಸತ್ತವನ ಹೆಸರಿನೊಂದಿಗೆ ಕಾಳಗದ ಕಾರಣವನ್ನೂ ಹೇಳುತ್ತವೆ. ಬಹಳ ಸಲ ಅದು ರಾಜ್ಯದ ಉಳಿವಿನ ಪ್ರಶ್ನೆಯಲ್ಲ, ದನಗಳನ್ನು ಮರಳಿ ತಂದ ತುರುಗಾಳಗ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನು, ಅಂದರೆ 'ನೆತ್ತರುಗೊಡಗೆ'ಯನ್ನು, ದಾಖಲಿಸುವ ಶಾಸನಗಳೂ ಇವೆ. ಕೀರ್ತಿಯ ಜೊತೆಗೆ ಆಳುವವರ ಋಣವನ್ನೂ ಊರ ಮುಂದೆ ನಿಲ್ಲಿಸಿದ ಪ್ರಕಟಣೆ ಅದು. 'ವೀರಮರಣ', 'ವೀರಸ್ವರ್ಗ' ಎಂಬ ಮಾತುಗಳನ್ನು ಈ ಪರಂಪರೆಯಿಂದ ಪಡೆದುಕೊಂಡ ಇಂದಿನ ಪತ್ರಿಕಾಭಾಷೆ, ನೆತ್ತರುಗೊಡಗೆ ಎಂಬ ಪದವನ್ನು ಮಾತ್ರ ಪಡೆದುಕೊಳ್ಳಲಿಲ್ಲ. ಈ ಆಯ್ಕೆಯ ಪರಿಣಾಮ ಮುಂದೆ ಸ್ಪಷ್ಟವಾಗುತ್ತದೆ.

ಕಲ್ಲಿನ ನಂತರದ ಮಾಧ್ಯಮ ಲಾವಣಿ. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಆತನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಹರಕೆಯ ತೊಟ್ಟಿಲು ಕಟ್ಟುತ್ತಾರೆ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ರಾಯಣ್ಣನ ಲಾವಣಿಯೂ ಹಲಗಲಿ ಬೇಡರ ಲಾವಣಿಯೂ ಅವುಗಳಲ್ಲಿದ್ದವು. ಎಂದರೆ ಘಟನೆ ನಡೆದು ಅರ್ಧ ಶತಮಾನ ಕಳೆದರೂ ಹಾಡು ಜೀವಂತವಾಗಿತ್ತು. ಅದು ಗೆಲುವಿನ ಹಾಡಲ್ಲ ಎಂಬುದು ಇಲ್ಲಿ ಮುಖ್ಯ. ರಾಯಣ್ಣನನ್ನು ಹಿಡಿದುಕೊಟ್ಟವರು ನಾಡಿನವರೇ ಎಂಬ ಅಂಶವೇ ರಾಯಣ್ಣನ ಕಥನದ ಕರುಳು. ಶತ್ರುವಿನ ಕ್ರೌರ್ಯಕ್ಕಿಂತ ನಮ್ಮವರ ದ್ರೋಹ ಕೇಳುಗನ ಮನಸ್ಸನ್ನು ಹೆಚ್ಚು ಕಾಡುತ್ತದೆ. ಗೀಗೀ ಮೇಳದ ಮುಂದೆ ಕುಳಿತು ಯುದ್ಧವನ್ನು ಕೇಳಿಸಿಕೊಂಡ ತಲೆಮಾರು ಶೌರ್ಯದೊಂದಿಗೆ ಸೋಲನ್ನೂ, ಆ ಸೋಲಿನಲ್ಲಿ ತನ್ನ ಪಾಲನ್ನೂ ಕೇಳಿಸಿಕೊಂಡಿತು. ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ತೆರೆಗೆ ಬಂದದ್ದು 1961ರಲ್ಲಿ, ಗೋವೆಗೆ ಸೇನೆ ನಡೆದ ವರ್ಷದಲ್ಲೇ. ಇದು ಕಾಕತಾಳೀಯವಿರಬಹುದು. ಲಾವಣಿಯ ಯುದ್ಧ ಸಿನಿಮಾದ ಯುದ್ಧವಾಗಿ ಮಾರ್ಪಟ್ಟ ಘಟ್ಟವಾಗಿ ಆ ವರ್ಷವನ್ನು ಗುರುತಿಸಬಹುದಾಗಿದೆ.

ಮೊದಲ ಮಹಾಯುದ್ಧದ ಕಾಲಕ್ಕೆ ಬೆಳಗಾವಿಯಲ್ಲಿ ಮುದ್ರಿತ ಸುದ್ದಿಯ ಸಾರ್ವಜನಿಕ ರೂಪುಗೊಂಡಿತ್ತು. 1916ರ ಏಪ್ರಿಲ್ ಕೊನೆಯಲ್ಲಿ ಇಲ್ಲಿ ಮುಂಬಯಿ ಪ್ರಾಂತೀಯ ಪರಿಷತ್ತು ಸೇರಿತು; ತಿಲಕರ ಹೋಂ ರೂಲ್ ಲೀಗ್ ಜನ್ಮತಾಳಿದ್ದು ಆಗಲೇ, ಈ ಊರಿನಲ್ಲೇ. ಅದೇ ಏಪ್ರಿಲ್ 29ರಂದು ಮೆಸೊಪೊಟೇಮಿಯಾದ ಕೂಟ್ ಎಂಬಲ್ಲಿ, 147 ದಿನಗಳ ಮುತ್ತಿಗೆಯ ನಂತರ ಬ್ರಿಟಿಷ್–ಭಾರತೀಯ ಪಡೆ ತುರ್ಕರಿಗೆ ಶರಣಾಯಿತು. ಸೆರೆಯಾದ ಸುಮಾರು 13,000 ಮಂದಿಯಲ್ಲಿ 103, 110, 117ನೆಯ ಮರಾಠಾ ಪಲ್ಟಣಗಳ ಸಿಪಾಯಿಗಳೂ ಇದ್ದರು. ಒಂದೇ ವಾರದಲ್ಲಿ ನಡೆದ ಈ ಎರಡು ಘಟನೆಗಳ ನಡುವೆ ಭಾಷಣ ಮತ್ತು ಮೌನದಷ್ಟು ಅಂತರವಿದೆ. ಸ್ವರಾಜ್ಯದ ಭಾಷಣಗಳು ಪತ್ರಿಕೆಗಳಲ್ಲಿ ಹರಡಿದವು. ಸಿಪಾಯಿಯ ಮಾತು ಸೇನಾ ಅಂಚೆಯ ಪರಿಶೀಲಕರ ಕೈದಾಟಿ ಬರಬೇಕಾಗಿತ್ತು. ಫ್ರಾನ್ಸಿನಿಂದ ಭಾರತೀಯ ಸೈನಿಕರು ಬರೆದ ಪತ್ರಗಳಲ್ಲಿ ಅನೇಕವು ಇಂದು ಲಭ್ಯವಿರುವುದು ಆ ಪರಿಶೀಲಕರು ಭಾಷಾಂತರಿಸಿಟ್ಟ ಪ್ರತಿಗಳಲ್ಲಿ ಎಂಬುದು ಇತಿಹಾಸದ ವ್ಯಂಗ್ಯ. ಹಳ್ಳಿಗೆ ಮುಟ್ಟದ ಮಾತು ದಫ್ತರದಲ್ಲಿ ಉಳಿಯಿತು.

1961ರ ಡಿಸೆಂಬರ್ ಈ ಅಧ್ಯಯನದ ನಡುಗಂಬ. ಗೋವಾ ಕಾರ್ಯಾಚರಣೆಗಾಗಿ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ 17ನೆಯ ಪದಾತಿ ವಿಭಾಗ ಬೆಳಗಾವಿಯ ಸುತ್ತ ಜಮಾವಣೆಗೊಂಡಿತು; ಅದರ ಒಂದು ದಳ ಅನಮೋಡ ಮಾರ್ಗವಾಗಿ ಇಳಿಯಿತು. ಲಾವಣಿಯಲ್ಲಿ ಕೇಳಿದ್ದ ಯುದ್ಧ ಈಗ ಖಾನಾಪುರದವರ ಮನೆಮುಂದಿನ ರಸ್ತೆಗೆ ಬಂದಿತ್ತು. ಈ ಕಣ್ಣಾರೆ ಕಾಣುವಿಕೆಗೂ ಮುನ್ನ ವಾರಗಟ್ಟಲೆ ಪತ್ರಿಕೆಗಳು ಕಾಣಿಸಿದ್ದ ಚಿತ್ರವೊಂದಿತ್ತು. ನವೆಂಬರ್ 17ರಂದು ಕಾರವಾರದ ಸಮೀಪದ ಅಂಜದೀವ ದ್ವೀಪದಿಂದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿತು; ಮುಂದಿನ ದಿನಗಳಲ್ಲಿ ಮೀನುಗಾರನೊಬ್ಬ ಹತನಾದ. ಇವು ನಿಜವಾದ ಘಟನೆಗಳು. ಇವುಗಳ ಬೆನ್ನಿಗೆ ಬಂದ, ಪೋರ್ಚುಗೀಜರು ಗಡಿಯಲ್ಲಿ ಭಾರಿ ಸೇನೆ ಕೂಡಿಸಿ ದಾಳಿಗೆ ಸಜ್ಜಾಗಿದ್ದಾರೆಂಬ ವರದಿಗಳು ಮಾತ್ರ ವಾಸ್ತವಕ್ಕೆ ಸರಿಹೊಂದುವುದಿಲ್ಲ. ಗೋವೆಯಲ್ಲಿದ್ದುದು ಸುಮಾರು ಮೂರೂವರೆ ಸಾವಿರ ಸೈನಿಕರು, ಒಂದು ಹಳೆಯ ಯುದ್ಧನೌಕೆ. ಯುದ್ಧವಿಮಾನವಂತೂ ಒಂದೂ ಇರಲಿಲ್ಲ. ವಸಾಹತುಶಾಹಿಯ ಅಂತ್ಯ ನ್ಯಾಯವಾದ ಉದ್ದೇಶವೇ ಆಗಿತ್ತು. 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರು ಆ ನ್ಯಾಯಕ್ಕೆ ಸಾಕಷ್ಟು ಆಧಾರ ಒದಗಿಸಿತ್ತು. ಆದರೂ ನ್ಯಾಯವಾದ ಉದ್ದೇಶಕ್ಕೂ ಉತ್ಪ್ರೇಕ್ಷೆಯ ಊರುಗೋಲು ಬೇಕೆನಿಸಿತು. 1962ರ ಫೆಬ್ರುವರಿಯ ಮಹಾಚುನಾವಣೆ ಸಮೀಪಿಸಿದ್ದನ್ನೂ, ರಕ್ಷಣಾ ಸಚಿವ ಕೃಷ್ಣ ಮೆನನ್ ಉತ್ತರ ಮುಂಬಯಿಯಲ್ಲಿ ಆಚಾರ್ಯ ಕೃಪಲಾನಿಯವರನ್ನು ಎದುರಿಸಬೇಕಿದ್ದುದನ್ನೂ ಇಲ್ಲಿ ನೆನೆಯಬೇಕು.

ಈ ಕಾರ್ಯಾಚರಣೆಯಲ್ಲಿ ಮಾಧ್ಯಮ ಕೇವಲ ಸಾಕ್ಷಿಯಾಗಿ ಉಳಿಯಲಿಲ್ಲ. 1955ರ ನವೆಂಬರ್ 25ರಂದು ಆಂಬೋಲಿಯ ಕಾಡಿನಲ್ಲಿ ಆರಂಭವಾದ 'ವಾಯ್ಸ್ ಆಫ್ ಫ್ರೀಡಂ' ರಹಸ್ಯ ರೇಡಿಯೋ ಮುಂದೆ ಖಾನಾಪುರದ ಗಡಿಯಾಚೆಯೇ ಇರುವ ಕ್ಯಾಸಲ್‌ರಾಕ್‌ಗೆ ಸ್ಥಳಾಂತರಗೊಂಡಿತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಆರು ವರ್ಷಗಳ ಕಾಲ ಅಲ್ಲಿಂದ ಕೊಂಕಣಿ ಹಾಗೂ ಪೋರ್ಚುಗೀಜ್ ಭಾಷೆಗಳಲ್ಲಿ ಗೋವೆಯ ಜನರನ್ನುದ್ದೇಶಿಸಿ ಮಾತನಾಡಿದರು. ಡಿಸೆಂಬರ್ 19ರಂದು ವಿಮಾನದಿಂದ ಧ್ವನಿವರ್ಧಕದ ಮೂಲಕ ವಿಮೋಚನೆಯ ವಾರ್ತೆ ಸಾರಿದರು. ಲಿಬಿಯಾ ಅವರಿಗೆ ಪದ್ಮಶ್ರೀ ದೊರೆತದ್ದು 2025ರಲ್ಲಿ. ಎದುರು ಪಕ್ಷದಲ್ಲೂ ರೇಡಿಯೋ ಇತ್ತು. ಡಿಸೆಂಬರ್ 18ರ ಬೆಳಿಗ್ಗೆ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳ ಗುರಿ ಬಾಂಬೋಳಿಯ ನಿಸ್ತಂತು ಕೇಂದ್ರವಾಗಿತ್ತು. ಸುದ್ದಿಯ ಬಾಯಿ ಕಟ್ಟುವುದೇ ಕಾರ್ಯಾಚರಣೆಯ ಆರಂಭದ ಕೆಲಸಗಳಲ್ಲಿ ಒಂದಾಗಿತ್ತು. ಮಾಧ್ಯಮದ ತಟಸ್ಥತೆಯನ್ನು ಕುರಿತ ಪಠ್ಯಪುಸ್ತಕದ ಮಾತುಗಳನ್ನು ಕ್ಯಾಸಲ್‌ರಾಕ್‌ನ ಕಾಡಿನ ಮುಂದಿಟ್ಟು ನೋಡಿದರೆ ಅವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಎರಡು ದಿನ ತುಂಬುವುದರೊಳಗೆ ಎಲ್ಲವೂ ಮುಗಿಯಿತು. ಭಾರತದ 22 ಮಂದಿ, ಪೋರ್ಚುಗಲ್ಲಿನ ಸುಮಾರು 30 ಮಂದಿ ಸತ್ತರು. ರೇಡಿಯೋ ಇನ್ನೂ ಹೋಟೆಲು, ಪಂಚಾಯಿತಿ ಕಟ್ಟೆ, ಉಳ್ಳವರ ಮನೆಗಳ ವಸ್ತುವಾಗಿದ್ದ ಆ ಕಾಲದಲ್ಲಿ, ಹರೆಯಕ್ಕೆ ಬರುತ್ತಿದ್ದ ಬೆಳಗಾವಿ–ಖಾನಾಪುರದ ತಲೆಮಾರಿಗೆ ಯುದ್ಧವೆಂದರೆ ಇದೇ ಆಯಿತು: ಸಮೀಪದ್ದು, ಅಗ್ಗದ್ದು, ನ್ಯಾಯವಾದದ್ದು, ಬೇಗ ಮುಗಿಯುವಂಥದ್ದು. ಸುದ್ದಿಗೂ ಕಣ್ಣಿಗೂ ಇಲ್ಲಿ ವಿರೋಧ ಬರಲಿಲ್ಲ. ಹೋದ ಲಾರಿಗಳು ಗೆದ್ದವೆಂದು ರೇಡಿಯೋ ಹೇಳಿತು, ಅದು ನಿಜವೂ ಆಗಿತ್ತು. ಸುದ್ದಿಯ ಮೇಲಿನ ನಂಬಿಕೆ ಇಂಥ ಸಂದರ್ಭದಲ್ಲಿ ಗಟ್ಟಿಗೊಳ್ಳುವಷ್ಟು ಬೇರೆಲ್ಲೂ ಗಟ್ಟಿಗೊಳ್ಳುವುದಿಲ್ಲ.

ಇದೇ ಯುದ್ಧ ಲಿಸ್ಬನ್ನಿನಲ್ಲಿ ಬೇರೆಯಾಗಿತ್ತು. ಕೊನೆಯುಸಿರಿನವರೆಗೆ ಹೋರಾಡಬೇಕೆಂದು ಸಲಾಜಾರ್ ಡಿಸೆಂಬರ್ 14ರಂದು ಆದೇಶ ಕಳುಹಿಸಿದ್ದ. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಅದನ್ನು ಪಾಲಿಸದೆ ಶರಣಾಗಿ ಸಾವಿರಾರು ಜೀವಗಳನ್ನುಳಿಸಿದ. ಸೆನ್ಸಾರಿನ ಹಿಡಿತದಲ್ಲಿದ್ದ ಅಲ್ಲಿನ ಪತ್ರಿಕೆಗಳ ಓದುಗರಿಗೆ ದೊರೆತದ್ದು ವೀರಾವೇಶದ ಪ್ರತಿರೋಧದ ಕಥೆ. ಆದ್ದರಿಂದ 1962ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಜೀವಂತ ಮರಳಿದ ಸೈನಿಕರೇ ಆ ಕಥೆಗೆ ಅಡ್ಡಿಯಾದರು. ಗವರ್ನರನನ್ನು 1963ರಲ್ಲಿ ಸೇನೆಯಿಂದ ಹೊರಹಾಕಲಾಯಿತು; 1974ರ ಕ್ರಾಂತಿಯ ನಂತರವಷ್ಟೇ ಅವನ ಗೌರವ ಮರಳಿತು.

ಭಾರತದ ಓದುಗನೂ ಬಹುಕಾಲ ನಿಶ್ಚಿಂತನಾಗಿ ಉಳಿಯಲಿಲ್ಲ. 1962ರ ಅಕ್ಟೋಬರ್–ನವೆಂಬರ್‌ನಲ್ಲಿ ಹಿಮಾಲಯದ ಸೋಲು ಬಂದೆರಗಿತು. ಗೋವೆಯಿಂದ ಯುದ್ಧವನ್ನು ಅಳೆಯಲು ಕಲಿತವರಿಗೆ ಆ ಅಳತೆಗೋಲು ಒಂದೇ ವರ್ಷದಲ್ಲಿ ಮುರಿಯಿತು. ಜನ ರಕ್ಷಣಾ ನಿಧಿಗೆ ಚಿನ್ನ ಕೊಟ್ಟರು. ಸೋಲಿನ ಕಾರಣ ಶೋಧಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಸರ್ಕಾರ ಅವರ ಮುಂದಿಡಲಿಲ್ಲ. ಲಾವಣಿಕಾರ ಮುಚ್ಚಿಡದ 'ನಮ್ಮವರ ತಪ್ಪು' ಎಂಬ ಅಧ್ಯಾಯ ಆಧುನಿಕ ರಾಜ್ಯದ ಕಪಾಟಿನೊಳಗೆ ಸೇರಿತು. 1965, 1971ರ ಯುದ್ಧಗಳಲ್ಲೂ ಆಕಾಶವಾಣಿಯೇ ಹಳ್ಳಿಗರ ಮುಖ್ಯ ಆಧಾರವಾಗಿತ್ತು. ವಿಶೇಷವಾಗಿ 1971ರ ಗೆಲುವು ಹಳೆಯ ಗಾಯವನ್ನು ಬಹುಮಟ್ಟಿಗೆ ಮರೆಸಿತು.

ಸ್ಥಳೀಯ ಸಂದರ್ಭದ ಇನ್ನೊಂದು ಮುಖವನ್ನು ಇಲ್ಲಿ ಗಮನಿಸಬೇಕು. ರಾಜ್ಯ ಪುನರ್ವಿಂಗಡಣೆಯ ನಂತರ, ಅದರಲ್ಲೂ 1967ರ ಮಹಾಜನ ವರದಿಯ ನಂತರ, ಬೆಳಗಾವಿಯ ಒಂದೇ ಘಟನೆ ಕನ್ನಡ ಪತ್ರಿಕೆಗಳಲ್ಲಿ ಒಂದು ಶೀರ್ಷಿಕೆ, ಬಾಬೂರಾವ್ ಠಾಕೂರರು 1919ರಲ್ಲಿ ಸ್ಥಾಪಿಸಿದ 'ತರುಣ ಭಾರತ'ದಂಥ ಮರಾಠಿ ಪತ್ರಿಕೆಗಳಲ್ಲಿ ಇನ್ನೊಂದು ಶೀರ್ಷಿಕೆ ಪಡೆಯುವುದು ರೂಢಿಯಾಯಿತು. ಎರಡು ಪತ್ರಿಕೆ ಕೊಳ್ಳುವ ಓದುಗನಿಗೆ ಎರಡು ಬೆಳಗಾವಿಗಳು ಸಿಗುತ್ತಿದ್ದವು. ಭಿನ್ನ ವರದಿಗಳನ್ನು ತೂಗಿನೋಡುವ ಇಂಥ ಅಭ್ಯಾಸವಿರುವ ಊರು ಯುದ್ಧವಾರ್ತೆಯನ್ನೂ ತೂಗಿನೋಡಬೇಕಿತ್ತು. ಆದರೆ ದೇಶದ ಗಡಿಯ ಪ್ರಶ್ನೆ ಬಂದೊಡನೆ ಎರಡೂ ಭಾಷೆಗಳ ಶೀರ್ಷಿಕೆಗಳು ಒಂದಾಗಿಬಿಡುತ್ತವೆ. ವಿಯೆಟ್ನಾಂ ಯುದ್ಧದ ಟಿ.ವಿ. ವರದಿಗಳನ್ನು ಪರಿಶೀಲಿಸಿದ ಡೇನಿಯಲ್ ಹ್ಯಾಲಿನ್, ಅಧಿಕಾರಸ್ಥರಲ್ಲಿ ಒಮ್ಮತವಿರುವವರೆಗೆ ಮಾಧ್ಯಮವು ಪ್ರಶ್ನಿಸುವುದಿಲ್ಲ, ಅವರಲ್ಲಿ ಬಿರುಕು ಬಿಟ್ಟ ಮೇಲೆಯೇ ಪ್ರಶ್ನಿಸತೊಡಗುತ್ತದೆ ಎಂದು 1986ರಲ್ಲಿ ತೋರಿಸಿದ. ಬೆಳಗಾವಿಯ ಎರಡು ಭಾಷೆಗಳ ಪತ್ರಿಕೋದ್ಯಮ ಆ ಮಾತಿಗೆ ಇನ್ನೂ ತೀಕ್ಷ್ಣವಾದ ನಿದರ್ಶನ.

1999ರ ಕಾರ್ಗಿಲ್ ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ವಿಜಯ್'. 1961ರ ಗೋವಾ ಕಾರ್ಯಾಚರಣೆಯ ಹೆಸರೂ ಅದೇ. ಹೆಸರು ಒಂದಾದರೂ ಮಾಧ್ಯಮ ಬದಲಾಗಿತ್ತು. ಭಾರತೀಯರು ಮನೆಯ ಟಿ.ವಿ.ಯಲ್ಲಿ ಕಂಡ ಮೊದಲ ಯುದ್ಧ ಇದು. ಬೊಫೋರ್ಸ್ ತೋಪಿನ ಬೆಂಕಿ, ಪತ್ರಕರ್ತರ ಏದುಸಿರು ನೇರವಾಗಿ ನಡುಮನೆಗೆ ಬಂದವು. ಕೇಬಲ್‌ನಲ್ಲಿ ಪಾಕಿಸ್ತಾನ ಟಿ.ವಿ.ಯನ್ನು ಸರ್ಕಾರ ನಿಷೇಧಿಸಿತು. ಆದರೆ ಈ ಸೀಮೆಯ ಮಟ್ಟಿಗೆ ದೊಡ್ಡ ಬದಲಾವಣೆ ತೋಪಿನ ಚಿತ್ರವಲ್ಲ, ಶವಪೆಟ್ಟಿಗೆ. ಹಿಂದಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ರಣಭೂಮಿಯ ಸಮೀಪದಲ್ಲೇ ಅಂತ್ಯಕ್ರಿಯೆ ನಡೆದು ಮನೆಗೆ ತಂತಿ ಬರುತ್ತಿತ್ತು. ಕಾರ್ಗಿಲ್ಲಿನಲ್ಲಿ ಪಾರ್ಥಿವ ಶರೀರವೇ ಹಳ್ಳಿಗೆ ಬಂತು. ಅದರ ಹಿಂದೆ ಕ್ಯಾಮೆರಾ ಬಂತು. ಮುಂದಿನ ವರ್ಷಗಳಲ್ಲಿ ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳು ಬೆಳೆದಂತೆ, ಗಡಿಯಲ್ಲಿ ಸತ್ತ ಯೋಧನ ಅಂತಿಮಯಾತ್ರೆ ಸ್ಥಳೀಯ ವರದಿಗಾರಿಕೆಯ ಒಂದು ಸಿದ್ಧ ಪ್ರಕಾರವೇ ಆಯಿತು.

ಈ ಪ್ರಕಾರದ ಲಕ್ಷಣಗಳು ಬಹುಬೇಗ ಸ್ಥಿರಗೊಂಡವು. ತ್ರಿವರ್ಣ ಹೊದಿಸಿದ ಪೆಟ್ಟಿಗೆ, ಶಾಲಾ ಮಕ್ಕಳ ಸಾಲು, ಕುಶಾಲತೋಪು, ಮುಗಿಲು ಮುಟ್ಟಿದ ಆಕ್ರಂದನ. ಕೊನೆಯಲ್ಲಿ ಇನ್ನೊಬ್ಬ ಮಗನನ್ನೂ ಸೇನೆಗೆ ಕಳುಹಿಸುವೆನೆಂಬ ತಂದೆಯ ಅಥವಾ ತಾಯಿಯ ಮಾತು. ಆ ಮಾತು ಅನೇಕ ಮನೆಗಳಲ್ಲಿ ಹೃದಯದಿಂದಲೇ ಬಂದಿರುತ್ತದೆ. ಅದನ್ನು ಅನುಮಾನಿಸುವುದು ಕ್ರೌರ್ಯವಾದೀತು. ವಿಮರ್ಶೆಗೊಳಪಡಬೇಕಾದುದು ಪ್ರಶ್ನೆ. ಚಿತೆ ಆರುವ ಮುನ್ನ, ಊರೆಲ್ಲ ನಿಂತಿರುವಾಗ, ಮೈಕು ಹಿಡಿದು ಕೇಳುವ ಪ್ರಶ್ನೆಗೆ ಬೇರೆ ಉತ್ತರ ಸಾಧ್ಯವೇ? ಆ ತಾಯಿ ಮರುವರ್ಷ ಏನು ಹೇಳಿದಳೆಂಬುದು ಜಿಲ್ಲಾ ಪುಟದಲ್ಲಿ ಕಾಣುವುದು ಅಪರೂಪ. ಪಿಂಚಣಿ, ಘೋಷಿಸಿದ ನಿವೇಶನ, ಸೊಸೆಯ ಮುಂದಿನ ಬದುಕು ಇವೆಲ್ಲ ನೆತ್ತರುಗೊಡಗೆಯ ವಿಷಯಗಳು. ಕಲ್ಲು ಇವನ್ನು ಬರೆದಿಟ್ಟಿತ್ತು, ಪತ್ರಿಕೆ ಅಪ್ಸರೆಯರಲ್ಲಿಗೇ ನಿಲ್ಲುತ್ತದೆ.

ಪಾಶ್ಚಾತ್ಯ ಸಿದ್ಧಾಂತಗಳು ಇಲ್ಲಿ ಎಡವುತ್ತವೆ. ಸಾವು ಹೆಚ್ಚಿದಂತೆ ಸಮ್ಮತಿ ಇಳಿಯುತ್ತದೆಂಬುದು ಮ್ಯುಲ್ಲರನ ವಾದ. ತಮ್ಮ ಊರಿನವರೇ ಸತ್ತಾಗ ಇನ್ನೂ ಬೇಗ ಇಳಿಯುತ್ತದೆಂದು ನಂತರದ ಅಮೆರಿಕನ್ ಸಂಶೋಧಕರು ಸೇರಿಸಿದರು. ಕಾರ್ಗಿಲ್ಲಿನಲ್ಲಿ ಅಧಿಕೃತ ಲೆಕ್ಕದಂತೆ 527 ಯೋಧರು ಮಡಿದರು, ಊರೂರಿಗೆ ಪೆಟ್ಟಿಗೆಗಳು ಬಂದವು. ಸಮ್ಮತಿ ಇಳಿಯುವ ಬದಲು ಏರಿತು. ಯುದ್ಧ ಸ್ವಂತ ನೆಲದಲ್ಲಿ ನಡೆದದ್ದು, ಮೂರು ತಿಂಗಳೊಳಗೆ ಮುಗಿದದ್ದು ಇದಕ್ಕೆ ಭಾಗಶಃ ಕಾರಣ. ಉಳಿದ ಕಾರಣ ಶೋಕದ ನಿರೂಪಣೆಯಲ್ಲಿದೆ. ಶೋಕ ಮತ್ತು ಸಮ್ಮತಿ ಒಂದೇ ಚಿತ್ರದಲ್ಲಿ ಬೆಸೆದುಕೊಂಡಾಗ, ಯುದ್ಧವನ್ನು ಪ್ರಶ್ನಿಸುವುದೆಂದರೆ ಸತ್ತವನನ್ನು ಅವಮಾನಿಸಿದಂತೆ ಎಂಬ ಭಾವ ಹುಟ್ಟುತ್ತದೆ. ಹರೆಯದಲ್ಲಿ ಆ ಚಿತ್ರ ಕಂಡ ತಲೆಮಾರು ಹಿರಿಯರಿಗಿಂತ ಹೆಚ್ಚು ಯುದ್ಧಪ್ರಿಯವೆಂದು ಹೇಳಲಾಗದು; ಯುದ್ಧದ ವೆಚ್ಚವನ್ನು ಕಣ್ಣಾರೆ ಕಂಡೂ ಅದನ್ನು ವೆಚ್ಚವೆಂದು ಕರೆಯುವ ಪದವನ್ನು ಅದು ಪಡೆಯಲಿಲ್ಲ. 2016ರ ಫೆಬ್ರುವರಿಯಲ್ಲಿ ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದು ಅಸುನೀಗಿದಾಗ, ಕೊಂದದ್ದು ಶತ್ರುವಲ್ಲ, ಹಿಮಪಾತವಾಗಿತ್ತು. ಆ ಎತ್ತರದಲ್ಲಿ ಸೇನೆಯನ್ನಿರಿಸುವ ಬೆಲೆಯೇನೆಂಬ ಪ್ರಶ್ನೆ ನಾಲ್ಕಾರು ದಿನ ಕೇಳಿಬಂದು, ಅಂತಿಮಯಾತ್ರೆಯ ವರದಿಗಳಲ್ಲಿ ಮುಳುಗಿತು.

ಮೊಬೈಲಿನ ತಲೆಮಾರಿಗೆ ಬಂದಾಗ ಘಟನೆಗೂ ಸುದ್ದಿಗೂ ನಡುವಿನ ಅಂತರವೇ ಇಲ್ಲವಾಯಿತು. ಕೆಲವೊಮ್ಮೆ ಸುದ್ದಿ ಘಟನೆಗಿಂತ ಮುಂದೆ ಹೋಯಿತು. 2025ರ ಮೇ 7ರಂದು ಆರಂಭವಾದ 'ಆಪರೇಷನ್ ಸಿಂಧೂರ'ದ ಸಂದರ್ಭದಲ್ಲಿ, 8–9ರ ರಾತ್ರಿ ಕೆಲವು ದೊಡ್ಡ ಟಿ.ವಿ. ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು, ಇಸ್ಲಾಮಾಬಾದಿಗೆ ಸೇನೆ ನುಗ್ಗಿತೆಂದು ಸಾರಿದವು. ಅವು ನಡೆದೇ ಇರಲಿಲ್ಲ. 1961ರ ಉತ್ಪ್ರೇಕ್ಷೆಯ ಹಿಂದೆ ಒಂದು ಹಡಗು, ಒಂದು ಗುಂಡು ಇತ್ತು. ಮೇ 10ರಂದು ಗುಂಡಿನ ಕಾಳಗ ನಿಂತಾಗ, ಗೆಲುವಿನ ಅಂಚಿನಲ್ಲಿದ್ದೇವೆಂದು ನಂಬಿದ್ದ ವೀಕ್ಷಕರಿಗೆ ಅದು ವಂಚನೆಯಂತೆ ತೋರಿತು.

ಆ ದಿನಗಳಲ್ಲಿ ಸೇನೆಯ ಪರವಾಗಿ ಪತ್ರಿಕಾಗೋಷ್ಠಿಯಲ್ಲಿ ಮಾತನಾಡಿದವರಲ್ಲಿ ಕರ್ನಲ್ ಸೋಫಿಯಾ ಖುರೇಷಿ ಒಬ್ಬರು. ಅವರ ಪತಿಯ ಮನೆ ಬೆಳಗಾವಿ ಜಿಲ್ಲೆಯದೇ ಆದ ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿದೆ. ಕನ್ನಡ ಮಾಧ್ಯಮಗಳು ಅವರನ್ನು ಬೆನ್ನಲ್ಲೇ 'ಬೆಳಗಾವಿಯ ಸೊಸೆ' ಎಂದು ಕರೆದವು. ಯುದ್ಧವನ್ನು ನೆಂಟಸ್ತಿಕೆಯ ಮಾತಿನಲ್ಲಿ ಮನೆಯೊಳಗೆ ತರುವ ಈ ಪರಿ ಹಳೆಯದು. ಲಾವಣಿಕಾರನಿಗೂ ಅದು ಗೊತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ, ಆ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಸಾಮಾಜಿಕ ಜಾಲತಾಣದಲ್ಲಿ ಹರಡಿತು. ಜಿಲ್ಲಾ ಪೊಲೀಸರು ಪರಿಶೀಲಿಸಿ ಅದು ಸಂಪೂರ್ಣ ಸುಳ್ಳೆಂದು ಪ್ರಕಟಿಸಿದರು. ಪೋಸ್ಟ್ ಹಾಕಿದಾತ ಈ ದೇಶದವನೇ ಅಲ್ಲವೆಂಬ ಅನುಮಾನ ವ್ಯಕ್ತವಾಯಿತು, ಪೋಸ್ಟ್ ಅಳಿಸಿಹೋಯಿತು. ನಡೆಯದ ದಾಳಿಯ ಸುದ್ದಿಯಿಂದಾಗಿ ಕೊಣ್ಣೂರಿನ ಆ ಮನೆಯ ಮುಂದೆ ನಿಜವಾದ ಪೊಲೀಸ್ ಕಾವಲು ನಿಂತಿತು.